ಹಸಿ ಭತ್ತದ ತೂಕ, ವಜ್ರದ ತೂಕ

ಮೊನ್ನೆ ಭಾನುವಾರ ಊರಿಗೆ ಹೋಗಿದ್ದೆ. ಊರು ಅಂದರೆ ಭಾನುವಳ್ಳಿ. ದಾವಣಗೆರೆಯಿಂದ ಹರಿಹರ ದಾಟಿಕೊಂಡು ಹೋದರೆ ಸಿಗುತ್ತೆ. ಭದ್ರಾ ನಾಲೆ ನೀರು, ಭತ್ತದ ಗದ್ದೆ... ಇನ್ನೂ ಹೇಳೋಕೆ ಹೋದರೆ ಊರ ಪುರಾಣವೇ ಶುರುವಾಗುತ್ತೆ, ಅದು ಇನ್ನೊಂದು ದಿನಕ್ಕಿರಲಿ :-)

ಮನೆಗೆ ಕಾಲಿಡುತ್ತಿದ್ದಂತೆ ಚಿಕ್ಕಪ್ಪ "ಬಾರಪಾ, ನಿನ್ನೇ ಕಾಯ್ತಿದ್ದೆ" ಅಂದರು. ಚಿಕ್ಕಮ್ಮ ದೇವರ ಕೋಣೆಯಿಂದ ಒಂದು ಸಣ್ಣ ಕೆಂಪು ಡಬ್ಬಿ ತಂದು ನನ್ನ ಕೈಗಿಟ್ಟರು. ಮುಂದಿನ ತಿಂಗಳು ತಂಗಿಯ ಮದುವೆ (ಚಿಕ್ಕಪ್ಪನ ಮಗಳು). ಡಬ್ಬಿಯಲ್ಲಿ ಒಂದು ಜೊತೆ ವಜ್ರದ ಓಲೆ. ಕಿವಿಗೆ ಒಂದೊಂದೇ ಕಲ್ಲು, ಒಂದೊಂದೂ ಅರ್ಧ ಕ್ಯಾರೆಟ್. ಬಂಗಾರ, ಮಜೂರಿ, ತೆರಿಗೆ ಎಲ್ಲಾ ಸೇರಿ ಒಂದೂ ಮುಕ್ಕಾಲು ಲಕ್ಷ.

"ನೀ ಮುಂಬೈನಾಗೆ ಇದೇ ಧಂದೆದಾಗ ಇದ್ದೋನು. ನೋಡಿ ಹೇಳು, ಚೆನ್ನಾಗದಾವಲ್ಲ?"

ಹೌದು, ನಾನು ಎಂಟು ವರ್ಷ ಅದೇ ಧಂದೆಯಲ್ಲಿದ್ದೆ. ವಜ್ರ ಮಾರುತ್ತಿರಲಿಲ್ಲ, ವಜ್ರ ಮಾರುವವರ ಲೆಕ್ಕ ಬರೆಯುತ್ತಿದ್ದೆ. 2003ರಲ್ಲಿ ಬಿ.ಕಾಂ. ಮುಗಿಸಿ ಮುಂಬೈಗೆ ಹೋದವನಿಗೆ ಆಪೆರಾ ಹೌಸ್ ಹತ್ತಿರದ ಪಂಚರತ್ನ ಕಟ್ಟಡದಲ್ಲಿ ಒಬ್ಬ ಗುಜರಾತಿ ಸೇಠ್ ಬಳಿ ಕೆಲಸ ಸಿಕ್ಕಿತು. 2010ರಲ್ಲಿ ಬಾಂದ್ರಾ-ಕುರ್ಲಾದಲ್ಲಿ ಭಾರತ್ ಡೈಮಂಡ್ ಬೋರ್ಸ್ ಶುರುವಾದಾಗ ಸೇಠ್ ಆಫೀಸು ಅಲ್ಲಿಗೆ ಹೋಯಿತು, ನಾನೂ ಹೋದೆ. ಒಂದು ವರ್ಷ ಲೋಕಲ್ ಟ್ರೈನಿನಲ್ಲಿ ಅರ್ಧ ಆಯುಸ್ಸು ಕಳೆದು, ಸಾಕಪ್ಪಾ ಅಂತ ದಾವಣಗೆರೆಗೆ ವಾಪಸ್ ಬಂದೆ. ಆದರೆ ಆ ಎಂಟು ವರ್ಷ ದಿನಾ ಕಣ್ಣೆದುರು ಪೊಟ್ಟಣ ಬಿಚ್ಚಿ, ಚಿಮಟಿಗೆಯಲ್ಲಿ ಹಿಡಿದು, ಮಸೂರದಲ್ಲಿ ನೋಡಿ, ಚೌಕಾಸಿ ಮಾಡಿದ್ದನ್ನು ನೋಡಿದ್ದೇನಲ್ಲ, ಅಷ್ಟು ವಿದ್ಯೆ ತಲೆಗೆ ಅಂಟಿಕೊಂಡಿದೆ. ಸೇಠ್ ಕೊಟ್ಟ ಹತ್ತು ಪಟ್ಟಿನ ಹಳೆಯ ಮಸೂರ ಈಗಲೂ ಬ್ಯಾಗಿನಲ್ಲಿ ಇರುತ್ತೆ.

ಕಿಟಕಿ ಹತ್ತಿರ ಹೋಗಿ ನೋಡಿದೆ. ಕಲ್ಲು ಬೆಳ್ಳಗಿತ್ತು. ಒಳಗೆ ಹೇಳಿಕೊಳ್ಳುವಂಥ ಕಲೆ ಇರಲಿಲ್ಲ. ಆದರೆ ನಡುವೆ ಒಂದು ಮಬ್ಬು ಕಪ್ಪು, ಬಾವಿಯೊಳಗೆ ಇಣುಕಿದ ಹಾಗೆ. ಜೊತೆಗೆ ಕೊಟ್ಟಿದ್ದ ಸರ್ಟಿಫಿಕೇಟು ತೆಗೆದೆ. ತೂಕ 0.50. ಅಳತೆ 4.90 ರಿಂದ 4.92 ಮಿ.ಮೀ. ಅಗಲ, 3.29 ಮಿ.ಮೀ. ಆಳ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕಟ್: ಫೇರ್.

"ಫೇರ್ ಅಂದ್ರೆ ಏನಂತ ಅಂಗಡ್ಯಾಗೆ ಕೇಳಿದ್ರಾ ಚಿಕ್ಕಪ್ಪ?"

"ಕೇಳ್ದೆ. ಫೇರ್ ಅಂದ್ರೆ ಚೆನ್ನಾಗೈತೆ ಅಂತ ಅಂದ್ರು. ಫೇರ್ ಅಂಡ್ ಲವ್ಲಿ ಇದ್ದಂಗಲ್ವೇನು, ಬೆಳ್ಳಗೆ ಇರೋದು ಅಂತ ನಾವೂ ಅನ್ಕಂಡ್ವಿ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ವಜ್ರದ ಕಟ್‌ಗೆ ಐದು ದರ್ಜೆ. ಮೇಲಿನಿಂದ ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ಐದರಲ್ಲಿ ನಾಲ್ಕನೆಯದು ಫೇರ್! ಶಾಲೆಯಲ್ಲಾದರೆ "ಪಾಸಾಗಿದ್ದಾನೆ, ಅಷ್ಟೇ" ಅನ್ನುವ ಮಾರ್ಕು.

ಅವತ್ತಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಅದಕ್ಕೇ ಈ ಬರಹ. ನಾನು ಹೇಳಬೇಕಾದ್ದು ಒಂದೇ. ಸಗಟು ವ್ಯಾಪಾರದಲ್ಲಿ ಕಟ್ ಕೆಟ್ಟರೆ ವಜ್ರದ ಬೆಲೆ ಬೀಳುತ್ತೆ, ಅದು ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಅದೇ ಕಲ್ಲು ನಮ್ಮೂರ ಗಿರಾಕಿಯ ಕೈಗೆ ಬರುವಷ್ಟರಲ್ಲಿ ಆ ಮಾತು ಎಲ್ಲೋ ಮಾಯವಾಗಿ, ತೂಕ ಮಾತ್ರ ಉಳಿದಿರುತ್ತೆ. ಇದರಲ್ಲಿ ಅಂಗಡಿಯವರ ಪಾಲು ಎಷ್ಟೋ, ನಮ್ಮ ಪಾಲೂ ಅಷ್ಟೇ ಇದೆ.

ಮೊದಲು ಸ್ವಲ್ಪ ಪಾಠ. (ಗೊತ್ತಿರುವವರು ಎರಡು ಪ್ಯಾರಾ ಹಾರಿಸಿಕೊಂಡು ಹೋಗಬಹುದು.)

ವಜ್ರದ ಬೆಲೆ ಕಟ್ಟುವಾಗ ನಾಲ್ಕು ಸಂಗತಿ ನೋಡುತ್ತಾರೆ: ತೂಕ, ಬಣ್ಣ, ಒಳಗಿನ ಶುದ್ಧತೆ, ಕಟ್. ತೂಕ ಕ್ಯಾರೆಟ್‌ನಲ್ಲಿ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರ ನೂರರಲ್ಲೊಂದು ಪಾಲು ಒಂದು ಸೆಂಟ್. ಬಂಗಾರದ 22 ಕ್ಯಾರೆಟ್ಟೇ ಬೇರೆ, ಅದು ತೂಕ ಅಲ್ಲ, ಶುದ್ಧತೆ. ನಮ್ಮಲ್ಲಿ ಎಷ್ಟೋ ಜನ ಇವೆರಡನ್ನೂ ಕಲಸಿಕೊಳ್ಳುತ್ತಾರೆ. ಈ ನಾಲ್ಕರಲ್ಲಿ ಬಣ್ಣ, ಶುದ್ಧತೆ ಎರಡೂ ಭೂಮಿ ಕೊಟ್ಟಿದ್ದು. ಕಟ್ ಮಾತ್ರ ಪೂರ್ತಿ ಮನುಷ್ಯನ ಕೈಯ ಕೆಲಸ. ಕಟ್ ಅಂದರೆ ಗುಂಡಗಿದೆಯೋ ಚೌಕಾಗಿದೆಯೋ ಅನ್ನುವುದಲ್ಲ, ಅದು ಆಕಾರ. ಮುಖಗಳನ್ನು ಯಾವ ಕೋನದಲ್ಲಿ, ಯಾವ ಪ್ರಮಾಣದಲ್ಲಿ, ಎಷ್ಟು ನಯವಾಗಿ ಸಾಣೆ ಹಿಡಿದಿದ್ದಾರೆ ಅನ್ನುವುದು ಕಟ್. ಮುಂಬೈ ಧಂದೆಯಲ್ಲಿ ಇದಕ್ಕೆ 'ಮೇಕ್' ಅಂತಲೂ ಅನ್ನುತ್ತಾರೆ. "ಮಾಲ್ ಒಳ್ಳೇದು, ಮೇಕ್ ಸರಿಯಿಲ್ಲ" ಅನ್ನುವ ಮಾತು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ.

ವಜ್ರ ಹೊಳೆಯುವುದು ಮೇಲಿನಿಂದ ಒಳಹೋದ ಬೆಳಕು ಬುಡದ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ವಾಪಸ್ ಬಂದಾಗ. ಬುಡ ತೀರಾ ಆಳವಾದರೆ ಬೆಳಕು ಪಕ್ಕದಿಂದ ಸೋರಿಹೋಗುತ್ತೆ, ನಡುವೆ ಕಪ್ಪು ಕಾಣುತ್ತೆ. ತೀರಾ ತೆಳ್ಳಗಾದರೆ ಕೆಳಗಿನಿಂದ ಸೋರುತ್ತೆ, ಕಲ್ಲು ಮೀನಿನ ಕಣ್ಣಿನ ಹಾಗೆ ಮಂಕಾಗುತ್ತೆ. 1919ರಲ್ಲಿ ಮಾರ್ಸೆಲ್ ಟೊಲ್ಕೋವ್‌ಸ್ಕಿ ಅನ್ನುವವನು ಇದನ್ನು ಗಣಿತ ಹಾಕಿ ಬರೆದ. ಗುಂಡು ವಜ್ರಕ್ಕೆ ಮೇಲಿನ ಇಳಿಜಾರು 34.5 ಡಿಗ್ರಿ, ಕೆಳಗಿನದು 40.75 ಡಿಗ್ರಿ, ಮೇಲಿನ ಚಪ್ಪಟೆ ಮುಖ ಅಗಲದ 53 ಪಾಲು. ಇವತ್ತಿಗೂ ಒಳ್ಳೆಯ ಕಟ್ ಅದರ ಆಸುಪಾಸಿನಲ್ಲೇ ಇರುತ್ತೆ. ಆದರೂ ಗುಂಡು ವಜ್ರಗಳ ಕಟ್‌ಗೆ ಅಮೆರಿಕದ ಜಿಐಎ ಸಂಸ್ಥೆ ಆ ಐದು ದರ್ಜೆ ಕೊಡಲು ಶುರು ಮಾಡಿದ್ದು 2006ರಲ್ಲಿ. ಅಂದರೆ ಬಣ್ಣ, ಶುದ್ಧತೆಗೆ ದರ್ಜೆ ಬಂದು ಎಷ್ಟೋ ದಶಕಗಳಾದ ಮೇಲೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಟ್ ಅನ್ನುವುದು ಕಣ್ಣಳತೆಯ ಮಾತಾಗಿತ್ತು. ಆಮೇಲೆ ಅದು ಕಾಗದದ ಮೇಲಿನ ಮಾತಾಯಿತು. ಬೆಲೆಯೂ ಅದಕ್ಕೆ ತಕ್ಕ ಹಾಗೆ ಒಡೆದುಕೊಂಡಿತು.

ಪಾಠ ಮುಗೀತು. ಈಗ ಸಗಟು ಬೆಲೆ ಹೇಗೆ ಕಟ್ಟುತ್ತಾರೆ ನೋಡಿ.

ರಾಪಪೋರ್ಟ್ ಪಟ್ಟಿ ಅಂತ ಒಂದಿದೆ. ನ್ಯೂಯಾರ್ಕಿನ ಮಾರ್ಟಿನ್ ರಾಪಪೋರ್ಟ್ 1978ರಲ್ಲಿ ಶುರು ಮಾಡಿದ್ದು, ವಾರಕ್ಕೊಮ್ಮೆ ಬರುತ್ತೆ. ಜಗತ್ತಿನ ಪಾಲಿಶ್ ವಜ್ರದ ಸಗಟು ಮಾತುಕತೆ ಹೆಚ್ಚಾಗಿ ಅದನ್ನು ಹಿಡಿದೇ ಶುರುವಾಗೋದು. ತೂಕದ ಗುಂಪಿಗೊಂದು ಚೌಕ. ಚೌಕದ ಒಂದು ಬದಿಗೆ ಬಣ್ಣ, ಇನ್ನೊಂದು ಬದಿಗೆ ಶುದ್ಧತೆ, ಒಳಗೆ ಕ್ಯಾರೆಟ್ಟಿಗೆ ಇಷ್ಟು ನೂರು ಡಾಲರ್ ಅಂತ ಅಂಕಿ. ಗಮನಿಸಿದಿರಾ? ತೂಕ ಇದೆ, ಬಣ್ಣ ಇದೆ, ಶುದ್ಧತೆ ಇದೆ. ಕಟ್‌ಗೆ ಅಲ್ಲಿ ಮನೆಯೇ ಇಲ್ಲ!

ಹಾಗಾದರೆ ಕಟ್‌ನ ಬೆಲೆ ಎಲ್ಲಿ? ಕಡಿತದಲ್ಲಿ. ಪಟ್ಟಿಯ ಬೆಲೆಗೆ ಸಾಮಾನ್ಯವಾಗಿ ಯಾರೂ ಕೊಳ್ಳುವುದಿಲ್ಲ. ಆ ಬೆಲೆ ಒಳ್ಳೆಯ ಕಟ್ ಇರುವ ಕಲ್ಲಿಗೆ ಅಂತ ಎಲ್ಲರೂ ಒಪ್ಪಿಕೊಂಡು, ಅಲ್ಲಿಂದ ಕೆಳಕ್ಕೆ ಇಳಿಯುತ್ತಾರೆ. "ತೀಸ್ ಬ್ಯಾಕ್" ಅಂದರೆ ಪಟ್ಟಿಗಿಂತ 30 ಪರ್ಸೆಂಟ್ ಕಮ್ಮಿ. ಕಟ್ ಚೆನ್ನಾಗಿದ್ದರೆ ಕಡಿತ ಕಮ್ಮಿ, ಕೆಟ್ಟರೆ ಕಡಿತ ಜಾಸ್ತಿ.

ಲೆಕ್ಕ ಸುಲಭವಾಗಲಿ ಅಂತ ಅರ್ಧ ಕ್ಯಾರೆಟ್ ಗುಂಪಿನ ಪಟ್ಟಿ ಬೆಲೆ 100 ಅಂತಿಟ್ಟುಕೊಳ್ಳಿ. (ಇದು ನಿಜವಾದ ದರ ಅಲ್ಲ, ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡ ಅಂಕಿ.) ಎಕ್ಸಲೆಂಟ್ ಕಟ್‌ನ ಕಲ್ಲು 30 ಕಡಿತಕ್ಕೆ ಹೋದರೆ 70. ಅದೇ ತೂಕ, ಅದೇ ಬಣ್ಣ, ಅದೇ ಶುದ್ಧತೆಯ ಫೇರ್ ಕಲ್ಲು 50 ಕಡಿತಕ್ಕೆ ಹೋದರೆ 50. ಸಗಟು ಮೇಜಿನ ಮೇಲೆ ಆಗಲೇ 20ರ ಅಂತರ. ಎರಡಕ್ಕೂ ಕಾಗದದ ಮೇಲೆ "ಅರ್ಧ ಕ್ಯಾರೆಟ್, ಬಿಳಿ ಬಣ್ಣ, ಕಲೆ ಇಲ್ಲ" ಅಂತಲೇ ಬರೆಯಬಹುದು, ಸುಳ್ಳೇನಲ್ಲ!

ನೀವು ಕೇಳಬಹುದು, ಅಷ್ಟು ನಷ್ಟ ಆಗೋದಾದರೆ ಕೆಟ್ಟದಾಗಿ ಯಾಕೆ ಕತ್ತರಿಸುತ್ತಾರೆ ಅಂತ. ನಾನೂ ಸೇಠ್‌ಗೆ ಇದನ್ನೇ ಕೇಳಿದ್ದೆ. ಉತ್ತರ ತಕ್ಕಡಿಯಲ್ಲಿದೆ. ಕಚ್ಚಾ ಕಲ್ಲನ್ನು ಸಾಣೆ ಹಿಡಿದರೆ ತೂಕದ ಅರ್ಧಕ್ಕೂ ಹೆಚ್ಚು ಪುಡಿಯಾಗಿ ಹೋಗುವುದು ಮಾಮೂಲು. ಉಳಿದ ಒಂದೊಂದು ಸೆಂಟೂ ದುಡ್ಡು. ಮೇಲಾಗಿ ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್, ಎರಡು ಕ್ಯಾರೆಟ್, ಈ ಗೆರೆಗಳನ್ನು ದಾಟಿದರೆ ಪಟ್ಟಿಯಲ್ಲಿ ಚೌಕವೇ ಬದಲಾಗಿ, ಕ್ಯಾರೆಟ್ಟಿನ ದರ ಮೇಲಕ್ಕೆ ಜಿಗಿಯುತ್ತೆ. 0.49ಕ್ಕೂ 0.50ಕ್ಕೂ ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ, ಪಟ್ಟಿಗೆ ಇದೆ.

ಮತ್ತೆ ಅದೇ ಲೆಕ್ಕಕ್ಕೆ ಬನ್ನಿ. ಒಂದು ಕಚ್ಚಾ ಕಲ್ಲು ಸಿಕ್ಕಿದೆ. ಕೋನ ಸರಿಯಾಗಿ ಕತ್ತರಿಸಿದರೆ 0.45 ಬರುತ್ತೆ. ಬುಡ ಆಳ ಬಿಟ್ಟು, ಸೊಂಟ ದಪ್ಪ ಬಿಟ್ಟರೆ 0.50 ಬರುತ್ತೆ. ಅರ್ಧಕ್ಕಿಂತ ಕೆಳಗಿನ ಚೌಕದ ದರ 80 ಅಂತಿಟ್ಟುಕೊಳ್ಳೋಣ. 0.45 ಗುಣಿಸು 80, ಅದರಲ್ಲಿ 30 ಪರ್ಸೆಂಟ್ ಕಡಿತ, ಬಂತು 25.2. 0.50 ಗುಣಿಸು 100, ಅದರಲ್ಲಿ 50 ಪರ್ಸೆಂಟ್ ಕಡಿತ, ಬಂತು 25. ಹೆಚ್ಚುಕಮ್ಮಿ ಸಮ! ಹಾಗಾಗಿ ಸಾಣೆಯವನ ಮುಂದೆ ಇರುವ ಪ್ರಶ್ನೆ ಒಂದೇ, ಇದನ್ನು ಕೊಳ್ಳುವವನು ಬೆಳಕು ನೋಡುತ್ತಾನೋ ತೂಕ ನೋಡುತ್ತಾನೋ. ತೂಕ ಮಾತ್ರ ಕೇಳುವ ಗಿರಾಕಿ ಎಲ್ಲೋ ಇದ್ದಾನೆ ಅಂತ ಗೊತ್ತಿದ್ದರೆ ಅವನು 0.50 ಮಾಡುತ್ತಾನೆ.

ಆ ಗಿರಾಕಿ ನಮ್ಮ ಚಿಕ್ಕಪ್ಪ.

ಸರ್ಟಿಫಿಕೇಟಿನ ಅಳತೆ ನೋಡಿ. ಸರಿಯಾಗಿ ಕತ್ತರಿಸಿದ ಅರ್ಧ ಕ್ಯಾರೆಟ್ ಗುಂಡು ವಜ್ರ ಸುಮಾರು 5.1 ಮಿ.ಮೀ. ಅಗಲ ಇರುತ್ತೆ. ಚಿಕ್ಕಪ್ಪ ತಂದದ್ದು 4.9. ಸರಿಯಾಗಿ ಕತ್ತರಿಸಿದ 4.9ರ ಕಲ್ಲು ತೂಗುವುದು 0.44 ಕ್ಯಾರೆಟ್ ಆಸುಪಾಸು. ಅಂದರೆ ಕಿವಿಯ ಮೇಲೆ ಕಾಣುವುದು 44 ಸೆಂಟಿನ ಕಲ್ಲು, ದುಡ್ಡು ಕೊಟ್ಟಿದ್ದು 50 ಸೆಂಟಿಗೆ. ಮಿಕ್ಕ 6 ಸೆಂಟು ಬುಡದಲ್ಲಿ, ಸೊಂಟದಲ್ಲಿ ಅಡಗಿ ಕೂತಿದೆ. ಅಡಗಿ ಕೂತರೆ ಹೋಗಲಿ, ಬೆಳಕನ್ನೂ ನುಂಗುತ್ತಿದೆ.

ಇದು ಒಂಟಿ ಕಲ್ಲಿನ ಕಥೆ. ನಮ್ಮ ಕಡೆಯ ನೆಕ್ಲೆಸ್ಸು, ಬಳೆ, ಮೂಗುಬೊಟ್ಟುಗಳಲ್ಲಿ ಇರುವುದು ಒಂದು, ಎರಡು, ಮೂರು ಸೆಂಟಿನ ಸಣ್ಣ ಕಲ್ಲುಗಳು. ಅವಕ್ಕೆ ಒಂದೊಂದಕ್ಕೂ ಸರ್ಟಿಫಿಕೇಟು ಮಾಡಿಸಿದರೆ ಕಲ್ಲಿಗಿಂತ ಕಾಗದವೇ ತುಟ್ಟಿಯಾದೀತು. ಅವನ್ನು ಜರಡಿ ಹಿಡಿಯುತ್ತಾರೆ. ಹೌದು, ನಮ್ಮ ಮಿಲ್ಲಿನಲ್ಲಿ ನುಚ್ಚು ಬೇರೆ ಮಾಡಿದ ಹಾಗೇ! ತೂತಿನ ಅಳತೆಯ ಮೇಲೆ ಗಾತ್ರ ಬೇರೆ ಮಾಡಿ, ಆಮೇಲೆ ಬಣ್ಣ, ಕಲೆ, ಮೇಕ್ ನೋಡಿ ಬೇರೆ ಬೇರೆ ಪೊಟ್ಟಣ ಕಟ್ಟುತ್ತಾರೆ. ಒಳ್ಳೆಯ ಮೇಕಿನ ಪೊಟ್ಟಣಕ್ಕೆ ಒಂದು ದರ, ಸಾಧಾರಣಕ್ಕೆ ಇನ್ನೊಂದು ದರ. ತೀರಾ ಸಣ್ಣದರಲ್ಲಿ ಪೂರ್ತಿ ಕಟ್ ಬೇರೆ, ಸಿಂಗಲ್ ಕಟ್ ಬೇರೆ. ಪೂರ್ತಿ ಕಟ್‌ನಲ್ಲಿ 57 ಮುಖ, ಸಿಂಗಲ್ ಕಟ್‌ನಲ್ಲಿ 17. ಸಗಟು ಖರೀದಿದಾರ ಪೊಟ್ಟಣವನ್ನು ಬಿಳಿ ಕಾಗದದ ಮೇಲೆ ಸುರಿದು, ಹರಡಿ, ಅಲ್ಲೊಂದು ಇಲ್ಲೊಂದು ಎತ್ತಿ ನೋಡದೆ ದರವನ್ನೇ ಹೇಳುವುದಿಲ್ಲ. ನಮ್ಮೂರಲ್ಲಿ ಅದೇ ಕಲ್ಲುಗಳಿಗೆ ಬಿಲ್ಲಿನಲ್ಲಿ ಒಂದೇ ಸಾಲು: "ವಜ್ರ, ಇಷ್ಟು ಕ್ಯಾರೆಟ್, ಇಷ್ಟು ದರ".

ಈ ತೂಕದ ಮೋಹ ಇವತ್ತು ನಿನ್ನೆಯದೇನಲ್ಲ. ನಮ್ಮ ಹರಿಹರದ ಹೊಳೆ ಕೆಳಕ್ಕೆ ಹೋಗಿ ಕರ್ನೂಲು ದಾಟಿ ಕೃಷ್ಣೆಗೆ ಸೇರುತ್ತಲ್ಲ, ಆ ಕಡೆ ಒಂದು ಕಾಲಕ್ಕೆ ದೊಡ್ಡ ವಜ್ರದ ಗಣಿಗಳಿದ್ದವು. 17ನೇ ಶತಮಾನದ ನಡುವೆ ಅಲ್ಲಿಗೆ ಬಂದ ಫ್ರೆಂಚ್ ವ್ಯಾಪಾರಿ ತಾವರ್ನಿಯೆ, ರಾವೊಲ್ಕೊಂಡ ಅನ್ನುವ ಗಣಿಯ ಬಗ್ಗೆ ಬರೆದಿದ್ದಾನೆ. ಅದು ಆಗ ಬಿಜಾಪುರದ ಆದಿಲಶಾಹಿಗಳ ಸೀಮೆ. ಈಗಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೇ ಅದು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿನ ಸಾಣೆಯವರು ಏನು ಮಾಡುತ್ತಿದ್ದರು ಅಂತ ಅವನು ಹೇಳುತ್ತಾನೆ. ಕಲ್ಲು ಚೊಕ್ಕವಾಗಿದ್ದರೆ ತೂಕ ಕಳೆದೀತು ಅಂತ ಆಕಾರ ಕೊಡದೆ ಹಾಗೇ ಚಕ್ರಕ್ಕೆ ಮುಟ್ಟಿಸಿ ಬಿಡುತ್ತಿದ್ದರು. ಕಲೆ ಇದ್ದರೆ ಮಾತ್ರ ಅದನ್ನು ಮುಚ್ಚಲು ತುಂಬಾ ಮುಖಗಳನ್ನು ಕೊರೆಯುತ್ತಿದ್ದರು! ಬೆಲೆ ಕಟ್ಟುವ ಸೂತ್ರವನ್ನೂ ಅವನು ಬರೆದಿಟ್ಟಿದ್ದಾನೆ. ತೂಕವನ್ನು ತೂಕದಿಂದಲೇ ಗುಣಿಸು, ಬಂದದ್ದನ್ನು ಅಂಥ ಗುಣದ ಒಂದು ಕ್ಯಾರೆಟ್ಟಿನ ಬೆಲೆಯಿಂದ ಗುಣಿಸು. ಅಂದರೆ ತೂಕ ಎರಡು ಪಟ್ಟಾದರೆ ಬೆಲೆ ನಾಲ್ಕು ಪಟ್ಟು. ಇಂಥ ಸೂತ್ರ ಇರುವಾಗ ಸಾಣೆಯವನ ಕೈ ನಡುಗದೆ ಇದ್ದೀತೆ?

ಕೊಹಿನೂರಿನ ಕಥೆ ಇದರ ಇನ್ನೊಂದು ಮುಖ. 1851ರಲ್ಲಿ ಲಂಡನ್ನಿನ ದೊಡ್ಡ ಪ್ರದರ್ಶನದಲ್ಲಿ ಅದನ್ನಿಟ್ಟಾಗ ಜನ ಮುಗಿಬಿದ್ದು ನೋಡಿ, ಇಷ್ಟೇನಾ ಅಂತ ಮುಖ ಸಿಂಡರಿಸಿದರಂತೆ. ಮೊಘಲರ ಕಾಲದ ಕಟ್, ತೂಕ ಉಳಿದಿತ್ತು, ಆ ಕಣ್ಣುಗಳಿಗೆ ಬೇಕಾದ ಹೊಳಪು ಇರಲಿಲ್ಲ. 1852ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಕುಶಲಕರ್ಮಿಗಳನ್ನು ಕರೆಸಿ ಮತ್ತೆ ಕತ್ತರಿಸಿದರು. ಆಗಿನ ಲೆಕ್ಕದಲ್ಲಿ 186 ಕ್ಯಾರೆಟ್ ಇದ್ದದ್ದು ಇವತ್ತಿನ 105.6 ಕ್ಯಾರೆಟ್‌ಗೆ ಇಳಿಯಿತು. ಅದನ್ನು ಒಯ್ದದ್ದು ಸರಿಯೋ ತಪ್ಪೋ ಬೇರೆ ಜಗಳ, ಕತ್ತರಿಸಿದ್ದು ಕೂಡ ಹಲವರಿಗೆ ಹಿಡಿಸಲಿಲ್ಲ. ಆದರೆ ಬೆಳಕು ಬೇಕಾದರೆ ತೂಕ ಬಿಡಬೇಕು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇರಲಿ, ನಮ್ಮ ಕಾಲಕ್ಕೆ ಬರೋಣ. ಬಂಗಾರದ ವಿಷಯದಲ್ಲಿ ನಾವು ಎಷ್ಟು ಚುರುಕಾಗಿದ್ದೇವೆ ನೋಡಿ. 2021ರ ಜೂನ್‌ನಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, 2023ರ ಏಪ್ರಿಲ್‌ನಿಂದ ಆರು ಅಕ್ಷರದ ಗುರುತಿನ ಸಂಖ್ಯೆಯೂ ಬೇಕಾಯಿತು. ನಮ್ಮ ಚಿಕ್ಕಮ್ಮನೇ ಅದನ್ನು ಕೇಳಿ ನೋಡುತ್ತಾರೆ. ವಜ್ರದ ಕಟ್‌ಗೆ ಅಂಥ ಕಡ್ಡಾಯದ ಗುರುತು ಇಲ್ಲ. ಚಿಕ್ಕಪ್ಪ ಅಂಗಡಿಯಲ್ಲಿ ಒಂದು ಗಂಟೆ ಚೌಕಾಸಿ ಮಾಡಿದ್ದು ಮಜೂರಿಯ ಮೇಲೆ. ಎರಡೂವರೆ ಸಾವಿರ ಇಳಿಸಿದರಂತೆ, ಹೆಮ್ಮೆಯಿಂದ ಹೇಳಿದರು. ಕಟ್‌ನಲ್ಲಿ ಹೋದದ್ದು ಅದರ ಎಷ್ಟೋ ಪಟ್ಟು. ಆದರೆ ಆ ಮಾತನ್ನು ಈ ಕಡೆಯವರೂ ಎತ್ತಲಿಲ್ಲ, ಆ ಕಡೆಯವರೂ ಎತ್ತಲಿಲ್ಲ.

ಅಂಗಡಿಯವರೆಲ್ಲಾ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅಳತೆ, ಕಟ್ ಎರಡೂ ಸರ್ಟಿಫಿಕೇಟಿನಲ್ಲೇ ಇದ್ದವಲ್ಲ, ಮುಚ್ಚಿಟ್ಟಿರಲಿಲ್ಲ. ಅವರದ್ದೂ ಒಂದು ನ್ಯಾಯ ಇದೆ. ಗಿರಾಕಿ ಬಂದು ಮೊದಲು ಕೇಳುವುದೇ "ಎಷ್ಟು ಕ್ಯಾರೆಟ್" ಅಂತ. 45 ಸೆಂಟಿನ ಎಕ್ಸಲೆಂಟ್ ತೋರಿಸಿದರೆ "ಅರ್ಧ ಇಲ್ವಾ?" ಅಂತ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾನೆ. ಕೇಳಿದ್ದನ್ನು ತರಿಸಿಡುತ್ತಾರೆ, ಮಾರುತ್ತಾರೆ. ಆದರೆ ಒಂದು ತಕರಾರು ನನ್ನದು. ಫೇರ್ ಕಟ್ ಅಂತಲೇ ಸಗಟಿನಲ್ಲಿ ಕಡಿಮೆ ಬೆಲೆಗೆ ಬಂದ ಕಲ್ಲು, ಗಿರಾಕಿಗೂ ಕಡಿಮೆ ಬೆಲೆಗೆ ಹೋಗಬೇಕು. ಕೊಳ್ಳುವಾಗ ಕಟ್ ನೋಡಿ, ಮಾರುವಾಗ ತೂಕ ನೋಡುವುದು ಯಾವ ನ್ಯಾಯ?

"ಕಿವಿಗೆ ಹಾಕ್ಕೊಳ್ಳೋಕೆ ತಾನೆ, ಮಾರೋಕಲ್ಲವಲ್ಲ" ಅನ್ನುವವರಿದ್ದಾರೆ. ಮೊದಲನೆಯದು, ಕಷ್ಟ ಹೇಳಿ ಕೇಳಿ ಬರುವುದಿಲ್ಲ. ಮಾರಲು ಹೋದ ದಿನ ಎದುರಿಗೆ ಕೂತವನು ಮಸೂರ ಹಿಡಿಯುತ್ತಾನೆ, ಅವತ್ತು ಅವನಿಗೆ ಕಟ್ ನೆನಪಾಗುತ್ತೆ! ಎರಡನೆಯದು, ಹಾಕಿಕೊಳ್ಳೋಕೇ ಅಂತಾದರೆ ಹೊಳೆಯುವುದು ಬೇಡವೇ? ಹೊಳೆಯದ ವಜ್ರಕ್ಕೂ ಗಾಜಿನ ಹರಳಿಗೂ ನೋಡುವವರಿಗೇನು ವ್ಯತ್ಯಾಸ?

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಬಂದ ಮೇಲಂತೂ ಈ ಮಾತು ಇನ್ನೂ ಗಟ್ಟಿಯಾಗಿದೆ. ಅದೂ ನಿಜವಾದ ಇಂಗಾಲದ ವಜ್ರವೇ, ಆದರೆ ಯಂತ್ರದಲ್ಲಿ ಬೇಕಾದಷ್ಟು ಬೆಳೆಯುತ್ತೆ. 2018ರಲ್ಲಿ ಡಿ ಬಿಯರ್ಸ್ ಕಂಪನಿ ಲೈಟ್‌ಬಾಕ್ಸ್ ಅನ್ನುವ ಹೆಸರಲ್ಲಿ ಅದನ್ನು ಕ್ಯಾರೆಟ್ಟಿಗೆ 800 ಡಾಲರ್‌ನಂತೆ ಮಾರಲು ಶುರು ಮಾಡಿದಾಗ ಎಲ್ಲರೂ ಬೆರಗಾಗಿದ್ದರು. ಆಮೇಲೆ ಸಗಟು ಬೆಲೆ ಹೇಗೆ ಕುಸಿಯಿತು ಅಂದರೆ, 2025ರಲ್ಲಿ ಆ ಅಂಗಡಿಯನ್ನೇ ಮುಚ್ಚುವುದಾಗಿ ಕಂಪನಿ ಹೇಳಿತು. ತೂಕ ಅಷ್ಟು ಅಗ್ಗವಾದ ಮೇಲೆ ಅಲ್ಲಿ ನಿಜವಾಗಿ ನೋಡಬೇಕಾದ್ದು ಸಾಣೆಯವನ ಕೈಯನ್ನೇ. ಆದರೂ ಜನ ಅಲ್ಲಿಯೂ "ಒಂದು ಕ್ಯಾರೆಟ್ ಇಷ್ಟಕ್ಕೇ ಸಿಗ್ತದೆ" ಅಂತಲೇ ಕುಣಿಯುತ್ತಿದ್ದಾರೆ.

ವಜ್ರ ಕೊಳ್ಳುವವರು ನಾಲ್ಕು ಕೆಲಸ ಮಾಡಿ ಸಾಕು. ಒಂದು, ಸರ್ಟಿಫಿಕೇಟಿನಲ್ಲಿ ಕಟ್ ಅನ್ನುವ ಸಾಲಿಗೆ ಬೆರಳಿಟ್ಟು ಕೇಳಿ, ಐದರಲ್ಲಿ ಎಷ್ಟನೆಯದು ಅಂತ. ಎರಡು, ತೂಕದ ಜೊತೆ ಮಿಲಿಮೀಟರ್ ಕೇಳಿ. ಗುಂಡು ಕಲ್ಲಾದರೆ ಅರ್ಧ ಕ್ಯಾರೆಟ್ಟಿಗೆ 5.1, ಒಂದು ಕ್ಯಾರೆಟ್ಟಿಗೆ 6.4 ರಿಂದ 6.5 ನೆನಪಿಟ್ಟುಕೊಳ್ಳಿ. ಅದಕ್ಕಿಂತ ತುಂಬಾ ಕಮ್ಮಿ ಇದ್ದರೆ ತೂಕ ಬುಡದಲ್ಲಿದೆ. ಮೂರು, ಅಂಗಡಿಯ ಸ್ಪಾಟ್‌ಲೈಟಿನ ಕೆಳಗೆ ನೋಡಬೇಡಿ, ಅಲ್ಲಿ ಎಲ್ಲವೂ ಹೊಳೆಯುತ್ತೆ. ಬಾಗಿಲ ಹತ್ತಿರ ಬಂದು ಮಾಮೂಲಿ ಬೆಳಕಿನಲ್ಲಿ ನೋಡಿ. ನಾಲ್ಕು, 50ರ ಬದಲು 46, 47 ಸೆಂಟಿನ ಒಳ್ಳೆಯ ಕಟ್ ತೋರಿಸಿ ಅನ್ನಿ. ಗೆರೆಯ ಕೆಳಗಿನ ಕಲ್ಲಿಗೆ ದರವೂ ಕಮ್ಮಿ, ಹೊಳಪೂ ಜಾಸ್ತಿ.

ಸರಿ, ಚಿಕ್ಕಪ್ಪನಿಗೆ ಹೇಳಿದೆನೋ ಇಲ್ಲವೋ? ಅವತ್ತು ಮಧ್ಯಾಹ್ನ ಊಟದವರೆಗೂ ಹೇಳಲಿಲ್ಲ. ಮದುವೆ ಮನೆ, ಯಾಕೆ ಸುಮ್ಮನೆ ಮನಸ್ಸು ಕೆಡಿಸೋದು ಅಂತ. ಊಟ ಆದ ಮೇಲೆ ಅವರೇ ಮತ್ತೆ ಕೇಳಿದರು. "ಏನೋ ಐತೆ, ನೀ ಹೇಳವಲ್ಲೆ."

ಈ ಕೋನ, ಡಿಗ್ರಿ ಎಲ್ಲಾ ಹೇಳಿದರೆ ಉಪಯೋಗವಿಲ್ಲ ಅನ್ನಿಸಿತು. "ಚಿಕ್ಕಪ್ಪ, ಹಸಿ ಭತ್ತ ಒಣಗಿದ ಭತ್ತಕ್ಕಿಂತ ತೂಕ ಬರ್ತದಲ್ಲ, ಮಿಲ್ಲಿನೋರು ಅದೇ ರೇಟು ಕೊಡ್ತಾರಾ?" ಅಂದೆ.

"ಎಲ್ಲಿ ಕೊಡ್ತಾರೆ? ತೇವ 17ರ ಮ್ಯಾಲಿದ್ರೆ ಖರೀದಿ ಕೇಂದ್ರದಾಗೆ ಮುಟ್ಟಂಗಿಲ್ಲ. ತೂಕ ಬಂದ್ರೇನು, ಅಕ್ಕಿ ಬರಬೇಕಲ್ಲ" ಅಂದವರು, ಅರ್ಧ ಮಾತಿಗೇ ನಿಂತು ಡಬ್ಬಿ ಕಡೆ ನೋಡಿದರು. ಅವರಿಗೆ ಗೊತ್ತಾಗಿ ಹೋಯಿತು. ಹಿಡಿ ಭತ್ತ ಅಂಗೈಯಲ್ಲಿ ಉಜ್ಜಿ, ಊದಿ, ನುಚ್ಚು ಎಷ್ಟು ಅಂತ ಹೇಳುವ ಮನುಷ್ಯ. ಕ್ವಿಂಟಾಲಿಗೆ 2369 ರೂಪಾಯಿ, 2025-26ರ ಬೆಂಬಲ ಬೆಲೆ. ಆ ಲೆಕ್ಕದಲ್ಲಿ ಒಂದೂ ಮುಕ್ಕಾಲು ಲಕ್ಷ ಅಂದರೆ 74 ಕ್ವಿಂಟಾಲ್ ಭತ್ತ. ಎಕರೆಗೆ 25 ಬರುವ ಅವರ ಗದ್ದೆಯಲ್ಲಿ ಮೂರು ಎಕರೆಯ ಒಂದು ಬೆಳೆ ಪೂರ್ತಿ. ಒಣಗಿದ ಭತ್ತ ಕೊಟ್ಟು ಹಸಿ ಭತ್ತ ಮನೆಗೆ ತಂದಿದ್ದಾರೆ.

"ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬರೋಣ. ಸ್ವಲ್ಪ ಕಡಿತ ಮಾಡಬಹುದು. 46 ಸೆಂಟಿನ ಒಳ್ಳೇ ಕಟ್ ತರೋಣ" ಅಂದೆ.

ಚಿಕ್ಕಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಬೀಗರು ಅರ್ಧ ಕ್ಯಾರೆಟ್ ಅಂದಾರಪಾ. ಬಾಯಿಬಿಟ್ಟು ಕೇಳಿಲ್ಲ, ಅವರ ದೊಡ್ಡ ಸೊಸೆಗೆ ಅರ್ಧ ಕ್ಯಾರೆಟ್ ಹಾಕಿ ಕಳ್ಸಿದ್ರು ಅಂತ ಎರಡು ಸಲ ಅಂದ್ರು. ಈಗ ಕಮ್ಮಿ ಆದ್ರೆ ನಮ್ಮ ಹುಡುಗಿ ಅಲ್ಲಿ ಮಾತು ಕೇಳ್ಬೇಕು" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೂರತ್ತಿನಲ್ಲಿ ಯಾರೋ ಸಾಣೆಯವನು ಸೊಂಟ ದಪ್ಪ ಬಿಟ್ಟದ್ದು ಯಾರಿಗಾಗಿ ಅಂತ ಆ ಕ್ಷಣಕ್ಕೆ ಪೂರ್ತಿ ಅರ್ಥವಾಯಿತು. ಪಟ್ಟಿಯಲ್ಲಿ 0.50ರ ಗೆರೆ ಎಳೆದದ್ದು ನ್ಯೂಯಾರ್ಕಿನವರು ಅಂತ ನಾವು ಅಂದುಕೊಂಡಿದ್ದೇವೆ. ಅದಕ್ಕಿಂತ ದಪ್ಪ ಗೆರೆ ನಮ್ಮ ಮನೆಗಳ ನಡುವೆ ಇದೆ.

ಅಷ್ಟರಲ್ಲಿ ತಂಗಿ ಕಾಫಿ ತಂದಳು. ಎಲ್ಲಾ ಕೇಳಿಸಿಕೊಂಡಿದ್ದಳೇನೋ. ಡಬ್ಬಿ ಎತ್ತಿಕೊಂಡು ಚಿಕ್ಕಮ್ಮನ ಪಕ್ಕ ಹೋಗಿ, ಓಲೆಯನ್ನು ಅವರ ಮೂಗಿನ ಹತ್ತಿರ ಹಿಡಿದಳು. ಚಿಕ್ಕಮ್ಮನ ಮೂಗುಬೊಟ್ಟಿನಲ್ಲಿ ಒಂದೇ ಒಂದು ಹಳೆಯ ಕಲ್ಲು, ಮೂರೋ ನಾಲ್ಕೋ ಸೆಂಟು ಇದ್ದೀತು. ಮಬ್ಬು ಬೆಳಕಲ್ಲೂ ಅದು ಬೆಂಕಿಕಡ್ಡಿ ಗೀಚಿದ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಅರ್ಧ ಕ್ಯಾರೆಟ್ಟು ಸುಮ್ಮನೆ ಕೂತಿತ್ತು.

"ಅಣ್ಣಾ, ಹಾಕ್ಕೊಳ್ಳೋಳು ನಾನಲ್ವಾ? ನಂಗೆ ಹೊಳೆಯೋದು ಬೇಕು. ಎಷ್ಟು ಸೆಂಟು ಅಂತ ಯಾರಾದ್ರೂ ಕೇಳಿದ್ರೆ ನಾನೇ ಹೇಳ್ಕೊತೀನಿ" ಅಂದಳು.

ಚಿಕ್ಕಪ್ಪ ಇನ್ನೂ ಹೂಂ ಅಂದಿಲ್ಲ. ಬುಧವಾರ ದಾವಣಗೆರೆಗೆ ಬರುತ್ತೇನೆ ಅಂದಿದ್ದಾರೆ, ಡಬ್ಬಿ ತರುತ್ತಾರೋ ಬರೀ ಲಗ್ನಪತ್ರಿಕೆ ತರುತ್ತಾರೋ ನೋಡಬೇಕು.

ನಿಮ್ಮ ಮನೆಯಲ್ಲಿ ವಜ್ರದ ಒಡವೆ ಇದ್ದರೆ ಇವತ್ತು ಸಂಜೆ ಒಮ್ಮೆ ಅದರ ಕಾಗದ ತೆಗೆದು ನೋಡಿ. ಕಟ್ ಅನ್ನುವ ಸಾಲಿನಲ್ಲಿ ಏನಿದೆ? ಬರೆದು ತಿಳಿಸಿ.